ಮಿನುಗುತ್ತ ಸಾಗಿದ ಬೆಳಕು: ಉಪಗ್ರಹವೋ, ರಾಕೆಟ್ಟಿನ ಖಾಲಿ ಹಂತವೋ?

ನಮಸ್ಕಾರ. ಸಂಜೆ ಏಳೂವರೆಯ ಹೊತ್ತಿಗೆ ಅಂಗಳದಲ್ಲಿ ನಿಂತಿದ್ದಾಗ ದಕ್ಷಿಣದಿಂದ ಉತ್ತರಕ್ಕೆ ಒಂದು ಬೆಳಕು ಸಾಗಿತೆಂದೂ, ಅದು ಏಳೆಂಟು ಸೆಕೆಂಡಿಗೊಮ್ಮೆ ಹೊಳೆದು ಮಂಕಾಗುತ್ತಿತ್ತೆಂದೂ, ನಡು ಆಕಾಶ ದಾಟಿದ ಮೇಲೆ ಇದ್ದಕ್ಕಿದ್ದಂತೆ ಮಾಯವಾಯಿತೆಂದೂ ಬರೆದಿದ್ದೀರಿ. ಅದು ಉಪಗ್ರಹವೇ, ಮೇಲೆ ಅಷ್ಟೊಂದು ಕಸವಿದ್ದರೆ ಅದು ನಮ್ಮ ತಲೆಯ ಮೇಲೆ ಏಕೆ ಬೀಳುವುದಿಲ್ಲ ಎಂದು ಕೇಳಿದ್ದೀರಿ.

ನನ್ನ ಅಂದಾಜಿನಲ್ಲಿ ನೀವು ಕಂಡದ್ದು ಕೆಲಸದಲ್ಲಿರುವ ಉಪಗ್ರಹವಲ್ಲ. ಉಪಗ್ರಹವನ್ನು ಕಕ್ಷೆಗೆ ಬಿಟ್ಟು ತಾನೂ ಅಲ್ಲಿಯೇ ಉಳಿದ ರಾಕೆಟ್ಟಿನ ಖಾಲಿ ಹಂತ, ಅಂದರೆ ಕೆಲಸ ಮುಗಿದ ಎಂಜಿನ್ ಮತ್ತು ಇಂಧನದ ಟ್ಯಾಂಕಿನ ಭಾಗ. ಕೆಲಸದಲ್ಲಿರುವ ಉಪಗ್ರಹ ತನ್ನ ಆಂಟೆನಾವನ್ನು ಭೂಮಿಯ ಕಡೆಗೆ, ಸೌರಫಲಕವನ್ನು ಸೂರ್ಯನ ಕಡೆಗೆ ಹಿಡಿದು ಸ್ಥಿರವಾಗಿರುವುದರಿಂದ ಅದರ ಬೆಳಕು ಹೀಗೆ ಲಯಬದ್ಧವಾಗಿ ಏರಿಳಿಯುವುದಿಲ್ಲ. ಹಿಡಿತ ತಪ್ಪಿದ ಉದ್ದನೆಯ ಕೊಳವೆ ಮಾತ್ರ ಪಲ್ಟಿ ಹೊಡೆಯುತ್ತ ಸಾಗುತ್ತದೆ. ಅದರ ಅಗಲವಾದ ಮೈ ನಮ್ಮ ಕಡೆ ತಿರುಗಿದಾಗ ಹೊಳೆಯುತ್ತದೆ, ತುದಿ ತಿರುಗಿದಾಗ ಮಂಕಾಗುತ್ತದೆ. ಮಾಯವಾದದ್ದು ಭೂಮಿಯ ನೆರಳಿಗೆ ಹೊಕ್ಕದ್ದರಿಂದ.

ಇನ್ನು ಬೀಳುವ ವಿಚಾರ. ಸುಮಾರು 400 ಕಿ.ಮೀ. ಎತ್ತರದಲ್ಲಿರುವ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದ ಮೇಲೂ ಭೂಮಿಯ ಸೆಳೆತ ನೆಲದ ಮೇಲಿರುವುದರ ಹತ್ತರಲ್ಲಿ ಒಂಬತ್ತು ಪಾಲಿನಷ್ಟು ಇದ್ದೇ ಇದೆ. ಒಂದು ಸೆಕೆಂಡಿನಲ್ಲಿ ಅದು ಸುಮಾರು 4.3 ಮೀಟರ್ ಕೆಳಕ್ಕೆ ಬೀಳುತ್ತದೆ. ಆದರೆ ಅದೇ ಸೆಕೆಂಡಿನಲ್ಲಿ 7.7 ಕಿ.ಮೀ. ಮುಂದಕ್ಕೂ ಹೋಗುತ್ತದೆ, ಅಷ್ಟು ದೂರಕ್ಕೆ ದುಂಡಗಿನ ಭೂಮಿಯೂ ಅಷ್ಟೇ ಬಾಗಿರುತ್ತದೆ. ಹೀಗಾಗಿ ಎತ್ತರ ಕಡಿಮೆಯಾಗದೆ ಸುಮಾರು 93 ನಿಮಿಷಕ್ಕೊಂದು ಸುತ್ತು ಮುಗಿಯುತ್ತದೆ. ಇದಕ್ಕೆ ಎಂಜಿನ್ ಓಡುತ್ತಲೇ ಇರಬೇಕಾಗಿಲ್ಲ. ತೊಡಕು ಇರುವುದೂ ಅಲ್ಲಿಯೇ: ಉಪಗ್ರಹವನ್ನು ಮೇಲೆ ಉಳಿಸುವ ನಿಯಮವೇ ಕಳಚಿಬಿದ್ದ ಬೋಲ್ಟನ್ನೂ ಉಳಿಸುತ್ತದೆ.

ಅದನ್ನು ಇಳಿಸುವುದು ತೆಳುವಾದ ಗಾಳಿಯ ಎಳೆತವೊಂದೇ, ಮತ್ತು ಆ ಗಾಳಿ ಎತ್ತರ ಏರಿದಂತೆ ಬೇಗನೆ ಕ್ಷೀಣಿಸುತ್ತದೆ. 600 ಕಿ.ಮೀ.ಗಿಂತ ಕೆಳಗಿನ ಚೂರುಗಳು ಸಾಮಾನ್ಯವಾಗಿ ಕೆಲವು ವರ್ಷಗಳಲ್ಲಿ ಇಳಿದು ಉರಿದುಹೋಗುತ್ತವೆ, 800 ಕಿ.ಮೀ. ಎತ್ತರದಲ್ಲಿ ಅದಕ್ಕೆ ಶತಮಾನಗಳೇ ಬೇಕಾಗಬಹುದು. ಹಾಸನದ ಮುಖ್ಯ ನಿಯಂತ್ರಣ ಕೇಂದ್ರ ನೋಡಿಕೊಳ್ಳುವ, ನೆಲದಿಂದ ಒಂದೇ ಕಡೆ ನಿಂತಂತೆ ಕಾಣುವ ಭೂಸ್ಥಿರ ಉಪಗ್ರಹಗಳಿರುವ 35,786 ಕಿ.ಮೀ. ಎತ್ತರದಿಂದ ಯಾವುದೂ ತಾನಾಗಿ ಇಳಿದು ಬರುವುದಿಲ್ಲ. ಆಯಸ್ಸು ಮುಗಿದವನ್ನು ಉಳಿದ ಇಂಧನದಿಂದ ಇನ್ನೂ ಸುಮಾರು 300 ಕಿ.ಮೀ. ಮೇಲಕ್ಕೆ ದೂಡಿ ದಾರಿ ತೆರವು ಮಾಡುವುದು ರೂಢಿ.

ಈ ಎತ್ತರದ ಲೆಕ್ಕವನ್ನು ಎರಡು ಘಟನೆಗಳಲ್ಲಿ ಕಾಣಬಹುದು. 2007ರ ಜನವರಿಯಲ್ಲಿ ಚೀನಾ ತನ್ನದೇ ಹವಾಮಾನ ಉಪಗ್ರಹ ಫೆಂಗ್‌ಯುನ್-1ಸಿಯನ್ನು ಸುಮಾರು 860 ಕಿ.ಮೀ. ಎತ್ತರದಲ್ಲಿ ಒಡೆದಾಗ, ಗುರುತಿಸಬಲ್ಲ ಚೂರುಗಳೇ ಮೂರು ಸಾವಿರ ಮೀರಿದವು; ಬಹುಪಾಲು ಇಂದಿಗೂ ಮೇಲೆಯೇ ಇವೆ. 2019ರ ಮಾರ್ಚ್ 27ರಂದು ನಮ್ಮ ದೇಶ ಸುಮಾರು 300 ಕಿ.ಮೀ. ಎತ್ತರದಲ್ಲಿ ಮಾಡಿದ, ಇಂತಹದೇ ಉಪಗ್ರಹ ಒಡೆಯುವ ಪರೀಕ್ಷೆಯ ಚೂರುಗಳು ಕೆಲವೇ ವರ್ಷಗಳಲ್ಲಿ ಉರಿದುಹೋದವು. ಕೆಲವು ಚೂರುಗಳು ಬಾಹ್ಯಾಕಾಶ ನಿಲ್ದಾಣದ ಎತ್ತರವನ್ನೂ ಮೀರಿ ಸಿಡಿದಿದ್ದರಿಂದ ಅದನ್ನು ನಿರಪಾಯವೆಂದು ನಾನಂತೂ ಹೇಳಲಾರೆ. ಯಾರೂ ಒಡೆಯದಿದ್ದರೂ ಅಪಾಯ ತಪ್ಪಿದ್ದಲ್ಲ: 2009ರ ಫೆಬ್ರವರಿ 10ರಂದು ಸತ್ತುಹೋಗಿದ್ದ ರಷ್ಯದ ಉಪಗ್ರಹ ಕಾಸ್ಮಾಸ್-2251, ಕೆಲಸದಲ್ಲಿದ್ದ ಅಮೆರಿಕದ ಸಂಪರ್ಕ ಉಪಗ್ರಹ ಇರಿಡಿಯಂ-33ಕ್ಕೆ ಸೈಬೀರಿಯಾದ ಮೇಲೆ ಸೆಕೆಂಡಿಗೆ 11 ಕಿ.ಮೀ.ಗೂ ಮೀರಿದ ವೇಗದಲ್ಲಿ ಬಡಿದು ಎರಡೂ ಪುಡಿಯಾದವು. ಇಂತಹ ಚೂರುಗಳು ಮತ್ತೊಂದಕ್ಕೆ ಬಡಿದು ಸರಪಳಿಯಂತೆ ಬೆಳೆಯಬಹುದೆಂದು ನಾಸಾದ ವಿಜ್ಞಾನಿ ಡೊನಾಲ್ಡ್ ಕೆಸ್ಲರ್ ಮತ್ತು ಅವರ ಸಹೋದ್ಯೋಗಿ 1978ರಲ್ಲಿಯೇ ಲೆಕ್ಕ ಹಾಕಿ ತೋರಿಸಿದ್ದರು.

ನೀವು ನೋಡಿದಂತಹ ಖಾಲಿ ಹಂತಗಳು ಬಹಳ ಕಾಟ ಕೊಡುವ ವಸ್ತುಗಳು. 2001ರಲ್ಲಿ ಪಿಎಸ್‌ಎಲ್‌ವಿ-ಸಿ3 ರಾಕೆಟ್ಟಿನ ಕೊನೆಯ ಹಂತ, ಉಡಾವಣೆಯಾದ ಸುಮಾರು ಎರಡು ತಿಂಗಳಿಗೆ ಕಕ್ಷೆಯಲ್ಲಿಯೇ ಸಿಡಿದು ಮುನ್ನೂರಕ್ಕೂ ಹೆಚ್ಚು ಚೂರುಗಳಾಯಿತು. ಉಳಿದ ಇಂಧನ ಮತ್ತು ಒತ್ತಡವನ್ನು ಮೊದಲೇ ಹೊರಬಿಟ್ಟು ಹಂತವನ್ನು ನಿಷ್ಕ್ರಿಯಗೊಳಿಸುವುದು ಇದಕ್ಕೆ ಪರಿಹಾರ. ಇಸ್ರೋ ಅದಕ್ಕಿಂತ ಮುಂದೆಯೂ ಹೋಗಿದೆ: ಪಿಎಸ್‌ಎಲ್‌ವಿ-ಸಿ58ರ ಕೊನೆಯ ಹಂತವನ್ನು 650 ಕಿ.ಮೀ.ಯಿಂದ 350 ಕಿ.ಮೀ.ಗೆ ಇಳಿಸಿದ್ದರಿಂದ ಅದು 2024ರ ಮಾರ್ಚ್‌ನಲ್ಲಿ ವಾತಾವರಣಕ್ಕೆ ಮರಳಿತು.

ತಲೆಯ ಮೇಲೆ ಬೀಳುವ ಭಯ ಬೇಡ. ಬಹುಪಾಲು ಉರಿದುಹೋಗುತ್ತದೆ, ಉಳಿದದ್ದೂ ಹೆಚ್ಚಾಗಿ ಸಮುದ್ರದ ಪಾಲು. ಆದರೂ 2022ರ ಏಪ್ರಿಲ್‌ನಲ್ಲಿ ಮಹಾರಾಷ್ಟ್ರದ ಚಂದ್ರಪುರ ಜಿಲ್ಲೆಯ ಹಳ್ಳಿಗಳಲ್ಲಿ ದೊಡ್ಡ ಲೋಹದ ಬಳೆಯೂ ಗೋಲಗಳೂ ಬಿದ್ದಿದ್ದವು. ಅಂತಹದು ಸಿಕ್ಕರೆ ಮುಟ್ಟದೆ ಪೊಲೀಸರಿಗೆ ತಿಳಿಸಿ. ಒಳಗೆ ವಿಷಕಾರಿ ಇಂಧನದ ಶೇಷ ಇರಬಹುದು.

ಮುಂದಿನ ಬಾರಿ ಬೆಳಕು ಕಂಡಾಗ ಮೊಬೈಲಿನ ಗಡಿಯಾರದಲ್ಲಿ ಸೆಕೆಂಡಿನವರೆಗೆ ಸಮಯ ಗುರುತು ಹಾಕಿಕೊಂಡು, ಅದು ಯಾವ ನಕ್ಷತ್ರದ ಬಳಿ ಹಾದುಹೋಯಿತೆಂಬುದನ್ನೂ, ಹತ್ತು ಮಿನುಗಿಗೆ ಒಟ್ಟು ಎಷ್ಟು ಸೆಕೆಂಡು ಹಿಡಿಯಿತೆಂಬುದನ್ನೂ ಬರೆದಿಡಿ. ಬಳಿಕ 'ಹೆವೆನ್ಸ್ ಅಬೌವ್' ತಾಣದಲ್ಲಿ ನಿಮ್ಮ ಊರನ್ನು ಆಯ್ದು ಆ ದಿನ ಹಾದುಹೋದ ಉಪಗ್ರಹಗಳ ಪಟ್ಟಿಯೊಂದಿಗೆ ಹೋಲಿಸಿ. ಹೆಸರಿನ ಕೊನೆಯಲ್ಲಿ 'ಆರ್/ಬಿ' ಎಂದಿದ್ದರೆ ಅದು ರಾಕೆಟ್ಟಿನ ಹಂತ. ಹೆಸರು ಸಿಕ್ಕರೆ ಇಲ್ಲಿ ಹಾಕಿ; ಯಾವ ವರ್ಷದ ಉಡಾವಣೆ, ಯಾವ ಎತ್ತರ ಎಂಬುದನ್ನು ಸೇರಿ ಹುಡುಕೋಣ.