ನಿಮ್ಮ ಹೆಸರಿನಲ್ಲಿ ಏನೇನಿದೆ?

ಶಿವಮೊಗ್ಗದ ಓದುಗರೊಬ್ಬರು ಬರೆದಿದ್ದಾರೆ, ಹೆಸರು ಪ್ರಕಟಿಸುವುದು ಬೇಡ ಎಂದಿದ್ದಾರೆ:

“ನಮ್ಮ ಯಜಮಾನರಿಗೆ ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ ಕೆಲಸ ಸಿಕ್ಕಿದೆ, ಬ್ಲೂ ಕಾರ್ಡ್ (ಉನ್ನತ ಶಿಕ್ಷಣ ಪಡೆದ ವಿದೇಶಿ ನೌಕರರಿಗೆ ಕೊಡುವ ಪರವಾನಗಿ) ಮೇಲೆ ಹೋಗುತ್ತಿದ್ದಾರೆ. ನಾನು ಬಿ.ಎಸ್ಸಿ. ನರ್ಸಿಂಗ್ ಮಾಡಿ ಇಲ್ಲಿಯ ಖಾಸಗಿ ಆಸ್ಪತ್ರೆಯೊಂದರಲ್ಲಿ ಒಂಬತ್ತು ವರ್ಷದಿಂದ ಇದ್ದೇನೆ. ಮಗಳಿಗೆ ಏಳು ವರ್ಷ, ಎರಡನೇ ಕ್ಲಾಸು. ಅತ್ತೆ ನಮ್ಮ ಜೊತೆಗೇ ಇದ್ದಾರೆ, ಬಿಪಿ, ಶುಗರ್ ಎರಡೂ ಇದೆ. ಯಜಮಾನರು ಮೊದಲು ಹೋಗುವುದು, ಮಗಳ ನಾಲ್ಕನೇ ಕ್ಲಾಸು ಮುಗಿದ ಮೇಲೆ ನಾವು ಹೋಗುವುದು ಎಂದು ಮನೆಯಲ್ಲಿ ಮಾತಾಗಿದೆ. ನಾನಂತೂ ಅಲ್ಲಿ ಕೆಲಸಕ್ಕೆ ಹೋಗುವುದಿಲ್ಲ, ಹಾಗಾಗಿ ನನ್ನ ಕಡೆಯ ತಯಾರಿ ಹೆಚ್ಚೇನಿಲ್ಲ. ಪಾಸ್‌ಪೋರ್ಟ್ ಮಾಡಿಸಬೇಕು, ಮಾರ್ಕ್ಸ್ ಕಾರ್ಡಿನಲ್ಲಿ ಇನಿಷಿಯಲ್ ಇದೆ, ಆಧಾರ್‌ನಲ್ಲಿ ಯಜಮಾನರ ಹೆಸರು ಸೇರಿದೆ. ಯಾವುದನ್ನು ಹಾಕಿಸಲಿ? ಏನೇನು ಸಾಮಾನು ಒಯ್ಯಬೇಕು? ಅತ್ತೆಯವರನ್ನು ಹೇಗೆ ಬಿಟ್ಟುಹೋಗುವುದು? ತಿಳಿಸಿದರೆ ಉಪಕಾರ.”

ಸಂಪಾದಕರ ಉತ್ತರ:

ಪ್ರಿಯ ಸಹೋದರಿ, ನಿಮ್ಮ ಪತ್ರದಲ್ಲಿ ನಾನು ಒಪ್ಪದ ಮಾತು ಒಂದೇ: “ನನ್ನ ಕಡೆಯ ತಯಾರಿ ಹೆಚ್ಚೇನಿಲ್ಲ.” ಯಜಮಾನರ ತಯಾರಿಯನ್ನು ಅವರ ಕಂಪನಿಯೇ ಮುಕ್ಕಾಲು ಪಾಲು ಮಾಡಿಕೊಡುತ್ತದೆ. ವೀಸಾ ಕಾಗದ, ಟಿಕೆಟ್ಟು, ಮೊದಲ ಕೆಲವು ತಿಂಗಳ ಮನೆ ಎಲ್ಲ ಅವರಿಗೆ ಸಿಗುತ್ತದೆ. ನಿಮ್ಮದನ್ನು ಯಾರೂ ಮಾಡಿಕೊಡುವುದಿಲ್ಲ. ಅಲ್ಲಿ ಇಳಿದ ಮೇಲೆ ಬೇಕೆನಿಸಿದರೂ ಶಿವಮೊಗ್ಗದ ಕಾಗದಗಳನ್ನು ಸ್ಟುಟ್‌ಗಾರ್ಟ್‌ನಲ್ಲಿ ಕುಳಿತು ತರಿಸಿಕೊಳ್ಳುವುದು ಬಲು ಕಷ್ಟ. ಹಾಗಾಗಿ ಈ ಉತ್ತರದಲ್ಲಿ ನಿಮ್ಮ ಯಜಮಾನರ ವಿಚಾರ ಕಡಿಮೆ, ನಿಮ್ಮ ವಿಚಾರವೇ ಹೆಚ್ಚು.

ಮೊದಲು ಹೆಸರು. ನಮ್ಮ ಪಾಸ್‌ಪೋರ್ಟ್‌ನಲ್ಲಿ ಇನಿಷಿಯಲ್ ನಡೆಯುವುದಿಲ್ಲ, ಬಿಡಿಸಿ ಬರೆಯಬೇಕು. ಸರ್‌ನೇಮ್ ಜಾಗ ಖಾಲಿ ಬಿಡಬಹುದು ಎನ್ನುವವರಿದ್ದಾರೆ. ದಯವಿಟ್ಟು ಬಿಡಬೇಡಿ. ಜರ್ಮನಿಯ ಪ್ರತಿ ಫಾರಮ್ಮಿನಲ್ಲೂ ಕುಲನಾಮಕ್ಕೊಂದು, ಸ್ವಂತ ಹೆಸರಿಗೊಂದು ಮನೆ ಇರುತ್ತದೆ. ಒಂದು ಖಾಲಿಯಿದ್ದರೆ ಒಂದು ಕಚೇರಿಯವರು ಒಂದು ರೀತಿ, ಇನ್ನೊಂದು ಕಚೇರಿಯವರು ಇನ್ನೊಂದು ರೀತಿ ತುಂಬುತ್ತಾರೆ. ಆಮೇಲೆ ಬ್ಯಾಂಕಿನಲ್ಲಿ ಒಬ್ಬರು, ವಿಮೆಯಲ್ಲಿ ಇನ್ನೊಬ್ಬರು ಆಗಿಬಿಡುತ್ತೀರಿ. ನನ್ನ ಸಲಹೆ ಏನೆಂದರೆ, ಇನಿಷಿಯಲ್‌ನಲ್ಲಿರುವ ತಂದೆಯ ಹೆಸರನ್ನು ಬಿಡಿಸಿ ಸರ್‌ನೇಮ್ ಆಗಿ ಹಾಕಿಸಿ, ಆಧಾರ್ ಅನ್ನೂ ಅದಕ್ಕೆ ಸರಿಯಾಗಿ ತಿದ್ದಿಸಿ. ಯಜಮಾನರ ಹೆಸರು ಸೇರಿಸುವುದು ತಪ್ಪೆಂದಲ್ಲ. ನಿಮ್ಮ ಡಿಗ್ರಿ, ನರ್ಸಿಂಗ್ ಕೌನ್ಸಿಲ್ ನೋಂದಣಿ, ಅನುಭವ ಪತ್ರ ಇವೆಲ್ಲ ಹಳೆಯ ಹೆಸರಿನಲ್ಲಿವೆ. ಪಾಸ್‌ಪೋರ್ಟ್ ಅವುಗಳ ಜೊತೆ ಹೊಂದಬೇಕು. ಗಂಡ ಹೆಂಡತಿ ಎನ್ನುವುದಕ್ಕೆ ಸಬ್ ರಿಜಿಸ್ಟ್ರಾರ್ ಕೊಡುವ ವಿವಾಹ ನೋಂದಣಿ ಪತ್ರವೇ ಸಾಕ್ಷಿ. ಛತ್ರದವರು ಕೊಟ್ಟ ರಸೀದಿ, ಲಗ್ನಪತ್ರಿಕೆ ಸಾಲುವುದಿಲ್ಲ. ನೋಂದಣಿ ಆಗಿಲ್ಲದಿದ್ದರೆ ಈ ವಾರವೇ ಮಾಡಿಸಿ.

ಹೆಸರಿನ ಬಗ್ಗೆ ಇಷ್ಟು ಒತ್ತಿ ಹೇಳುವುದಕ್ಕೆ ಇನ್ನೂ ಒಂದು ಕಾರಣವಿದೆ. ಅಲ್ಲಿಯ ಸರ್ಕಾರ, ಬ್ಯಾಂಕು, ವಿಮೆ ಎಲ್ಲ ಇವತ್ತಿಗೂ ಕಾಗದದ ಮೂಲಕವೇ ಮಾತಾಡುತ್ತವೆ. ಬಾಡಿಗೆ ಕಟ್ಟಡದ ಬಾಗಿಲಲ್ಲಿ ಸಾಲಾಗಿ ಅಂಚೆಪೆಟ್ಟಿಗೆಗಳಿರುತ್ತವೆ, ಒಂದೊಂದರ ಮೇಲೂ ಕುಲನಾಮದ ಪಟ್ಟಿ. ವಿಳಾಸದಲ್ಲಿ ಫ್ಲ್ಯಾಟ್ ನಂಬರ್ ಸಾಮಾನ್ಯವಾಗಿ ಇರುವುದೇ ಇಲ್ಲ, ಅಂಚೆಯವರು ನೋಡುವುದು ಹೆಸರನ್ನು. ಪೆಟ್ಟಿಗೆಯ ಮೇಲೆ ಯಜಮಾನರ ಹೆಸರೊಂದೇ ಇದ್ದು ನಿಮ್ಮದು ಬೇರೆಯಾಗಿದ್ದರೆ ನಿಮ್ಮ ಪತ್ರ ವಾಪಸು ಹೋಗುತ್ತದೆ. ನಿಮ್ಮ ಹನ್ನೊಂದು ಅಂಕಿಯ ತೆರಿಗೆ ಸಂಖ್ಯೆ ಬರುವುದೂ ಅಂಚೆಯಲ್ಲೇ. ಕೆಲವು ಸರ್ಕಾರಿ ಪತ್ರಗಳು ಹಳದಿ ಲಕೋಟೆಯಲ್ಲಿ ಬರುತ್ತವೆ. ಅಂಚೆಯವರು ತಲುಪಿಸಿದ ದಿನಾಂಕವನ್ನು ಲಕೋಟೆಯ ಮೇಲೆ ಬರೆದಿರುತ್ತಾರೆ, ತಕರಾರು ಸಲ್ಲಿಸುವ ಗಡುವು ಅಂದಿನಿಂದಲೇ ಶುರು. ಮನೆಗೆ ಕಾಲಿಟ್ಟ ದಿನವೇ ಇಬ್ಬರ ಹೆಸರನ್ನೂ ಪೆಟ್ಟಿಗೆಯ ಮೇಲೆ ಹಾಕಿಸಿ, ಬಾಡಿಗೆ ಕರಾರಿನಲ್ಲೂ ಇಬ್ಬರ ಹೆಸರಿರಲಿ.

ಇನ್ನು ನಿಮ್ಮ ಕೆಲಸ. ಬ್ಲೂ ಕಾರ್ಡ್ ಇರುವವರ ಗಂಡ ಅಥವಾ ಹೆಂಡತಿಗೆ ಯಾವ ಕೆಲಸವನ್ನಾದರೂ ಮಾಡುವ ಪೂರ್ತಿ ಅನುಮತಿ ಇದೆ. ಅದರಲ್ಲೂ ಜರ್ಮನಿಯಲ್ಲಿ ನರ್ಸ್‌ಗಳ ಕೊರತೆ ತೀವ್ರ. ಆ ದೇಶ ಕೇರಳದಿಂದ, ಫಿಲಿಪ್ಪೀನ್ಸ್‌ನಿಂದ ಹುಡುಕಿ ಕರೆಸಿಕೊಳ್ಳುತ್ತಿದೆ. ಆದರೆ ನಮ್ಮ ಡಿಗ್ರಿ ಹಿಡಿದುಕೊಂಡು ನೇರವಾಗಿ ವಾರ್ಡಿಗೆ ಹೋಗಲು ಆಗುವುದಿಲ್ಲ. ನರ್ಸಿಂಗ್‌ಗೆ ಅಲ್ಲಿ ಸರ್ಕಾರದ ಮಾನ್ಯತೆ ಬೇಕು. ಸ್ಟುಟ್‌ಗಾರ್ಟ್‌ನವರಿಗೆ ಅದನ್ನು ಕೊಡುವುದು ರೆಗೀರುಂಗ್ಸ್‌ಪ್ರೆಸಿಡಿಯುಮ್ ಎಂಬ ಪ್ರಾಂತೀಯ ಕಚೇರಿ. ನೀವು ಓದಿದ್ದನ್ನು ಅಲ್ಲಿಯ ಪಠ್ಯದೊಂದಿಗೆ ಗಂಟೆಗಂಟೆ ಲೆಕ್ಕದಲ್ಲಿ ತಾಳೆ ನೋಡುತ್ತಾರೆ: ಥಿಯರಿ ಎಷ್ಟು ಗಂಟೆ, ವಾರ್ಡಿನಲ್ಲಿ ಎಷ್ಟು ಗಂಟೆ, ವೃದ್ಧರ ಆರೈಕೆ ಎಷ್ಟು, ಮಕ್ಕಳ ವಿಭಾಗ ಎಷ್ಟು. ಕಡಿಮೆ ಕಂಡದ್ದನ್ನು ಬರೆದು ಒಂದು ಆದೇಶ ಕಳಿಸುತ್ತಾರೆ. ಆ ಕೊರತೆಯನ್ನು ಆಸ್ಪತ್ರೆಯಲ್ಲೇ ತರಬೇತಿ ಪಡೆದು ತುಂಬಿಕೊಳ್ಳಬಹುದು, ಇಲ್ಲವೇ ಪರೀಕ್ಷೆಗೆ ಕೂರಬಹುದು. ಅಷ್ಟರವರೆಗೆ ಸಹಾಯಕಿಯಾಗಿ ಸಂಬಳಕ್ಕೆ ದುಡಿಯುವುದಕ್ಕೂ ಅವಕಾಶವಿದೆ.

ನಿಮ್ಮ ಕಾಗದದಲ್ಲಿ ಗಂಟೆಗಳ ವಿವರ ಎಷ್ಟು ಚೆನ್ನಾಗಿದೆಯೋ ಕೊರತೆ ಅಷ್ಟು ಕಡಿಮೆ ಬರುತ್ತದೆ. ಬರೀ ಮಾರ್ಕ್ಸ್ ಕಾರ್ಡಿನಿಂದ ಇದು ತಿಳಿಯುವುದಿಲ್ಲ. ನೀವು ರಾಜೀವ್ ಗಾಂಧಿ ಆರೋಗ್ಯ ವಿಶ್ವವಿದ್ಯಾಲಯದಡಿ ಓದಿದ್ದರೆ ಟ್ರಾನ್ಸ್‌ಕ್ರಿಪ್ಟ್‌ಗೆ ಈಗಲೇ ಅರ್ಜಿ ಹಾಕಿ. ನಿಮ್ಮ ಕಾಲೇಜಿಗೆ ಸ್ವತಃ ಹೋಗಿ, ನಾಲ್ಕೂ ವರ್ಷದ ಥಿಯರಿ ಮತ್ತು ಕ್ಲಿನಿಕಲ್ ಗಂಟೆಗಳನ್ನು ವಿಷಯವಾರು ಬರೆದು, ಪ್ರಿನ್ಸಿಪಾಲರ ಸಹಿ, ಸೀಲು ಹಾಕಿಸಿ ತನ್ನಿ. ಈಗಿನ ಆಸ್ಪತ್ರೆಯ ಅನುಭವ ಪತ್ರದಲ್ಲಿ “ಸ್ಟಾಫ್ ನರ್ಸ್ ಆಗಿ ಕೆಲಸ ಮಾಡಿದ್ದಾರೆ” ಎಂಬ ಒಂದು ಸಾಲು ಸಾಲದು. ಯಾವ ವರ್ಷ ಐಸಿಯು, ಯಾವ ವರ್ಷ ಹೆರಿಗೆ ವಾರ್ಡು, ವಾರಕ್ಕೆ ಎಷ್ಟು ಗಂಟೆ ಎಂಬುದೆಲ್ಲ ಇರಬೇಕು. ರಾಜೀನಾಮೆ ಕೊಟ್ಟ ಮೇಲೆ ಹೋಗಿ ಕೇಳಿದರೆ ಅಲೆದಾಡಿಸುತ್ತಾರೆ, ಕೆಲಸದಲ್ಲಿರುವಾಗಲೇ ಬರೆಸಿಕೊಳ್ಳಿ. ಕರ್ನಾಟಕದ ನರ್ಸಿಂಗ್ ಕೌನ್ಸಿಲ್ ನೋಂದಣಿ ಚಾಲ್ತಿಯಲ್ಲಿದೆಯೇ ನೋಡಿ, ನವೀಕರಿಸಿಕೊಂಡೇ ಹೊರಡಿ. ಕೆಲಸಕ್ಕೆ ಹೋಗುವುದು, ಬಿಡುವುದು ನಿಮ್ಮಿಷ್ಟ. ಆದರೆ ಒಂಬತ್ತು ವರ್ಷದ ದುಡಿಮೆಯ ದಾಖಲೆ ಕೈಯಲ್ಲಿರಲಿ. ಮೊದಲ ಚಳಿಗಾಲದಲ್ಲಿ, ಡಿಸೆಂಬರ್‌ನಲ್ಲಿ ಸಂಜೆ ನಾಲ್ಕೂವರೆಗೇ ಕತ್ತಲಾಗುವ ಊರಿನಲ್ಲಿ, ಗಂಡ ಆಫೀಸಿನಲ್ಲಿ, ಮಗಳು ಸ್ಕೂಲಿನಲ್ಲಿ ಇರುವಾಗ ನಿಮ್ಮ ಮನಸ್ಸು ಬದಲಾಗಬಹುದು.

ಭಾಷೆಯಂತೂ ಬೇಕೇ ಬೇಕು. ಬ್ಲೂ ಕಾರ್ಡ್ ಕುಟುಂಬದವರಿಗೆ ವೀಸಾಕ್ಕಾಗಿ ಜರ್ಮನ್ ಪರೀಕ್ಷೆ ಕೇಳುವುದಿಲ್ಲ. ಅದನ್ನೇ ನಂಬಿಕೊಂಡು ಏನೂ ಕಲಿಯದೆ ಹೋಗುವವರೇ ಹೆಚ್ಚು. ನರ್ಸಿಂಗ್ ಮಾನ್ಯತೆಗೆ ಸಾಮಾನ್ಯವಾಗಿ ಬಿ2 ಮಟ್ಟ ಬೇಕು, ಅಂದರೆ ಭಾಷಾ ಕಲಿಕೆಯ ಆರು ಮಟ್ಟಗಳಲ್ಲಿ ನಾಲ್ಕನೆಯದು. ಸೊನ್ನೆಯಿಂದ ಅಲ್ಲಿಗೆ ತಲುಪಲು ಒಂದು ವರ್ಷದ ಮೇಲೇ ಹಿಡಿಯುತ್ತದೆ. ಬೆಂಗಳೂರಿನ ಇಂದಿರಾನಗರದ ಮ್ಯಾಕ್ಸ್‌ಮುಲ್ಲರ್ ಭವನದವರು ಆನ್‌ಲೈನ್ ತರಗತಿಗಳನ್ನೂ ನಡೆಸುತ್ತಾರೆ, ಶಿವಮೊಗ್ಗದಲ್ಲಿ ಕುಳಿತೇ ಶುರು ಮಾಡಬಹುದು. ಮಗಳನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ.

ಮಗಳ ಮಾತು ಬಂತು. ನಾಲ್ಕನೇ ಕ್ಲಾಸು ಮುಗಿಸಿಕೊಂಡು ಹೋಗುವ ಯೋಚನೆಯನ್ನು ಕೈಬಿಡಿ ಎಂದು ಕೇಳಿಕೊಳ್ಳುತ್ತೇನೆ. ಅಲ್ಲಿ ಪ್ರಾಥಮಿಕ ಶಾಲೆ ಇರುವುದು ನಾಲ್ಕೇ ವರ್ಷ. ಅದು ಮುಗಿಯುತ್ತಲೇ ಮಕ್ಕಳು ಬೇರೆ ಬೇರೆ ಬಗೆಯ ಪ್ರೌಢಶಾಲೆಗಳಿಗೆ ಹಂಚಿಹೋಗುತ್ತಾರೆ. ವಿಶ್ವವಿದ್ಯಾಲಯಕ್ಕೆ ನೇರ ದಾರಿ ಗಿಮ್ನಾಸಿಯುಮ್, ಉಳಿದವಕ್ಕೆ ಬೇರೆ ದಾರಿ. ನಡುವೆ ಬದಲಾಯಿಸಿಕೊಳ್ಳಲು ಬರುತ್ತದೆ, ಆದರೆ ಸುಲಭವಲ್ಲ. ಹತ್ತು ವರ್ಷದ ಮಗು ಒಂದಕ್ಷರ ಜರ್ಮನ್ ಬಾರದೆ ಸರಿಯಾಗಿ ಆ ಕವಲಿಗೇ ಹೋಗಿ ನಿಂತರೆ, ಗಣಿತದಲ್ಲಿ ಎಷ್ಟೇ ಚುರುಕಿದ್ದರೂ ಭಾಷೆಯೇ ಅದರ ದಾರಿ ನಿರ್ಧರಿಸಿಬಿಡುತ್ತದೆ. ಈಗ ಹೋದರೆ ಅವಳಿಗೆ ಎರಡು ವರ್ಷ ಸಿಗುತ್ತದೆ. ಸ್ಟುಟ್‌ಗಾರ್ಟ್ ಇರುವ ಬಾಡೆನ್-ವ್ಯುರ್ಟೆಂಬರ್ಗ್ ರಾಜ್ಯದಲ್ಲಿ ಹೊಸದಾಗಿ ಬಂದ ಮಕ್ಕಳಿಗೆ ಭಾಷೆ ಕಲಿಸುವ ಪೂರ್ವಸಿದ್ಧತಾ ತರಗತಿಗಳಿವೆ, ಸರ್ಕಾರಿ ಶಾಲೆಗೆ ಫೀಸಿಲ್ಲ. ಯಜಮಾನರು ಮನೆ ಹುಡುಕುವ ತನಕ ನಾಲ್ಕಾರು ತಿಂಗಳು ತಡವಾದರೆ ಚಿಂತೆಯಿಲ್ಲ, ಎರಡು ವರ್ಷ ಖಂಡಿತ ಬೇಡ.

ಲಸಿಕೆಗಳನ್ನು ಬರೆದಿರುವ ಅವಳ ‘ತಾಯಿ ಕಾರ್ಡ್’ ಅನ್ನು ಜೋಪಾನವಾಗಿ ತೆಗೆದುಕೊಂಡು ಹೋಗಿ. 2020ರ ಮಾರ್ಚ್‌ನಿಂದ ಅಲ್ಲಿ ಶಾಲೆಗೆ ಸೇರಲು ದಡಾರದ ಎರಡು ಡೋಸ್ ಆಗಿರುವುದಕ್ಕೆ ದಾಖಲೆ ಬೇಕು. ಆಸ್ಪತ್ರೆಯಲ್ಲಿ ಕೆಲಸ ಮಾಡುವವರಿಗೂ ಇದೇ ಕಾನೂನು, ಹಾಗಾಗಿ ನಿಮ್ಮದನ್ನೂ ಬರೆಸಿಟ್ಟುಕೊಳ್ಳಿ. ಇನ್ನೊಂದು ವಿಷಯ: ಶಾಲೆಯ ದಿನಗಳಲ್ಲಿ ಮಗಳನ್ನು ಕರೆದುಕೊಂಡು ಊರಿಗೆ ಬರುವ ಹಾಗಿಲ್ಲ, ದಂಡ ಬೀಳುತ್ತದೆ. ದೊಡ್ಡ ರಜೆ ಜುಲೈ ಕೊನೆಯಿಂದ ಸೆಪ್ಟೆಂಬರ್ ಎರಡನೇ ವಾರದ ತನಕ. ನಮ್ಮ ಏಪ್ರಿಲ್, ಮೇ ತಿಂಗಳ ಮದುವೆಗಳು ಬಹುಪಾಲು ತಪ್ಪುತ್ತವೆ ಎಂದು ನೆಂಟರಿಗೆ ಈಗಲೇ ಹೇಳಿಡಿ.

ದುಡ್ಡಿನ ವಿಷಯದಲ್ಲಿ ಮೂರು ತೀರ್ಮಾನಗಳನ್ನು ಯಜಮಾನರು ಹೋದ ಹೊಸತರಲ್ಲೇ ಮಾಡಿಬಿಡುತ್ತಾರೆ, ಆಗ ನೀವೂ ಜೊತೆಗೆ ಕೂತಿರಬೇಕು. ಒಂದು, ಆರೋಗ್ಯ ವಿಮೆ. ಸಂಬಳ ಚೆನ್ನಾಗಿದ್ದರೆ ಖಾಸಗಿ ವಿಮೆಯ ಏಜೆಂಟರು ಅಗ್ಗ ಎಂದು ಬೆನ್ನು ಹತ್ತುತ್ತಾರೆ. ಒಂಟಿ ಮನುಷ್ಯನಿಗೆ ಅಗ್ಗವಿರಬಹುದು. ಆದರೆ ಸಾರ್ವಜನಿಕ ವಿಮೆಯಲ್ಲಿ ಆದಾಯವಿಲ್ಲದ ಹೆಂಡತಿ ಮತ್ತು ಮಕ್ಕಳು ಹೆಚ್ಚುವರಿ ಕಂತಿಲ್ಲದೆ ಸೇರುತ್ತಾರೆ, ಖಾಸಗಿಯಲ್ಲಿ ಒಬ್ಬೊಬ್ಬರಿಗೂ ಬೇರೆ ಕಂತು. ಒಮ್ಮೆ ಖಾಸಗಿಗೆ ಹೋದರೆ ಮರಳುವುದು ಕಷ್ಟ, 55 ದಾಟಿದ ಮೇಲೆ ಬಹುತೇಕ ಅಸಾಧ್ಯ. ಎರಡು, ತೆರಿಗೆ ವರ್ಗ, ಅಂದರೆ ತಿಂಗಳ ಸಂಬಳದಲ್ಲಿ ಎಷ್ಟು ತೆರಿಗೆ ಮುರಿಯಬೇಕೆಂದು ನಿರ್ಧರಿಸುವ ಸಂಖ್ಯೆ. ಗಂಡನಿಗೆ ಮೂರು, ಹೆಂಡತಿಗೆ ಐದು ಎಂದು ಹಾಕಿಸಿದರೆ ತಿಂಗಳ ಕೊನೆಗೆ ಮನೆಗೆ ಹೆಚ್ಚು ಹಣ ಬಂದಂತೆ ಕಾಣುತ್ತದೆ. ಆದರೆ ನೀವು ದುಡಿಯತೊಡಗಿದಾಗ ನಿಮ್ಮ ಕೈಗೆ ಬರುವ ಸಂಬಳ ತೀರಾ ಸಣ್ಣದಾಗುತ್ತದೆ. ನಿರುದ್ಯೋಗ ಭತ್ಯೆ, ಹೆರಿಗೆಯ ನಂತರದ ಪೋಷಕರ ಭತ್ಯೆಗಳ ಲೆಕ್ಕ ಕೈಗೆ ಬರುವ ಸಂಬಳದ ಮೇಲೆಯೇ. ನೀವು ಕೆಲಸಕ್ಕೆ ಸೇರುವಾಗ ಇಬ್ಬರಿಗೂ ನಾಲ್ಕನೇ ವರ್ಗ ಮಾಡಿಸಿಕೊಳ್ಳಿ. ಮೂರು, ಬ್ಯಾಂಕ್ ಖಾತೆ. ಜಂಟಿ ಖಾತೆಯ ಜೊತೆಗೆ ನಿಮ್ಮೊಬ್ಬರದೇ ಆದ ಖಾತೆಯೂ ಇರಲಿ.

ಇಲ್ಲಿಯ ನಿಮ್ಮ ಪಿಎಫ್ ಹಣವನ್ನು ಅವಸರದಿಂದ ತೆಗೆಯಬೇಡಿ. ನೌಕರರ ಪಿಂಚಣಿಗೆ ಹತ್ತು ವರ್ಷದ ಸೇವೆ ಬೇಕು, ನಿಮಗೆ ಒಂಬತ್ತಾಗಿದೆ. ನೀವು ಆ ಯೋಜನೆಯಲ್ಲಿದ್ದರೆ ಪಿಂಚಣಿ ಭಾಗವನ್ನು ಹಿಂಪಡೆಯದೆ, ಈವರೆಗಿನ ಸೇವಾವಧಿಯನ್ನು ದಾಖಲಿಸಿ ಉಳಿಸುವ ಸ್ಕೀಮ್ ಸರ್ಟಿಫಿಕೇಟ್ ಪಡೆದುಕೊಳ್ಳಿ. ಭಾರತ ಮತ್ತು ಜರ್ಮನಿ ನಡುವಿನ ಸಾಮಾಜಿಕ ಭದ್ರತಾ ಒಪ್ಪಂದ 2017ರ ಮೇ 1ರಿಂದ ಜಾರಿಯಲ್ಲಿದೆ. ಪಿಂಚಣಿಯ ಅರ್ಹತೆಗೆ ಎರಡೂ ದೇಶದ ಸೇವಾವಧಿಯನ್ನು ಕೂಡಿಸಿಕೊಳ್ಳಲು ಅದು ಅವಕಾಶ ಕೊಡುತ್ತದೆ. ಒಡವೆಗಳನ್ನು ನಿಮ್ಮ ಹೆಸರಿನ ಲಾಕರಿನಲ್ಲೇ ಇಡಿ. ಯಜಮಾನರ ಉಳಿತಾಯ ಖಾತೆಯನ್ನು ಎನ್‌ಆರ್‌ಒ (ಅನಿವಾಸಿ ಭಾರತೀಯರ ಖಾತೆ) ಆಗಿ ಬದಲಾಯಿಸಬೇಕು, ನೀವು ಹೊರಟಾಗ ನಿಮ್ಮದನ್ನೂ.

ನೀವು ಕೇಳದ ಒಂದು ಮಾತು, ಎಲ್ಲ ಓದುಗ ಹೆಣ್ಣುಮಕ್ಕಳಿಗಾಗಿ ಬರೆಯುತ್ತಿದ್ದೇನೆ. ಗಂಡನ ವೀಸಾ ಆಧಾರದ ಮೇಲೆ ಹೋದವರಿಗೆ, ಅಲ್ಲಿ ಮೂರು ವರ್ಷ ದಾಂಪತ್ಯ ನಡೆಸಿದ ಮೇಲೆ, ಬೇರೆಯಾದರೂ ಸ್ವತಂತ್ರವಾಗಿ ಉಳಿಯುವ ಹಕ್ಕು ಬರುತ್ತದೆ. ಮನೆಯಲ್ಲಿ ಹೊಡೆತ, ಹಿಂಸೆ ಇದ್ದರೆ ಅದಕ್ಕೂ ಮೊದಲೇ ಕೇಳಬಹುದು. ಇಂಥ ಕಷ್ಟದಲ್ಲಿರುವವರಿಗೆ ಜರ್ಮನಿಯ ಯಾವ ಊರಿನಿಂದಲೂ 116 016ಕ್ಕೆ ಕರೆ ಉಚಿತ, ಇಂಗ್ಲಿಷ್‌ನಲ್ಲೂ ಮಾತಾಡುತ್ತಾರೆ. ಪಾಸ್‌ಪೋರ್ಟನ್ನು ಯಾರ ಕೈಗೂ ಕೊಟ್ಟಿಡಬೇಡಿ.

ಸಾಮಾನು ಬೇಗ ಹೇಳಿಬಿಡುತ್ತೇನೆ. ಹಾಲಿನ ಪದಾರ್ಥ, ಮಾಂಸ ಒಯ್ಯುವಂತಿಲ್ಲ. ತುಪ್ಪವೂ ಹಾಲಿನದೇ, ಪೇಡವೂ ಹಾಲಿನದೇ. ಕರಿಬೇವು, ವೀಳ್ಯದೆಲೆ ಬೇಡ. ಒಣ ಕೊಬ್ಬರಿ ಬೇಗ ಹೊತ್ತಿಕೊಳ್ಳುವ ವಸ್ತುವೆಂದು ವಿಮಾನದ ಲಗೇಜಿನಲ್ಲಿ ನಿಷಿದ್ಧ. ಸಾರಿನ ಪುಡಿ, ಹುಳಿ ಪುಡಿ, ರಾಗಿ ಹಿಟ್ಟು ಧಾರಾಳವಾಗಿ ಒಯ್ಯಿರಿ. ಕುಕ್ಕರು ತಳ ಸಪಾಟಾಗಿದ್ದು ಇಂಡಕ್ಷನ್‌ಗೆ ಆಗುವಂಥದ್ದು ಇರಲಿ. ಮಿಕ್ಸಿ ಅಲ್ಲಿಯ ಕರೆಂಟಿಗೆ ಓಡುತ್ತದೆ, ಪ್ಲಗ್ಗಿಗೆ ಅಡಾಪ್ಟರ್ ಸಾಕು. ಮಾತ್ರೆಗಳು ಮೂರು ತಿಂಗಳಿಗಾಗುವಷ್ಟು, ಡಾಕ್ಟರ ಚೀಟಿ ಸಮೇತ. ಬಾಡಿಗೆ ಮನೆಗಳಲ್ಲಿ ಎಷ್ಟೋ ಕಡೆ ಅಡುಗೆಮನೆ ಎಂದರೆ ಬರೀ ನಲ್ಲಿ, ಗೋಡೆ. ಒಲೆ, ಸಿಂಕು, ಕಪಾಟು ನಾವೇ ಹಾಕಿಸಬೇಕು. ಮನೆ ನೋಡುವಾಗಲೇ ಯಜಮಾನರು ಇದನ್ನು ಕೇಳಲಿ. ಕಂಪನಿ ಕೊಡುವ ಮನೆಯಲ್ಲಿ ವಿಳಾಸ ನೋಂದಣಿ ಮಾಡಿಸಬಹುದೇ ಎಂಬುದನ್ನೂ ಮೊದಲೇ ಬರಹದಲ್ಲಿ ಕೇಳಲಿ. ಮನೆ ಸೇರಿದ ಎರಡು ವಾರದೊಳಗೆ ಆ ನೋಂದಣಿ ಆಗಬೇಕು, ಅದಿಲ್ಲದೆ ಮುಂದಿನ ಯಾವ ಕೆಲಸವೂ ಸಾಗುವುದಿಲ್ಲ.

ಕೊನೆಗೆ ಅತ್ತೆಯವರು. ಪ್ರವಾಸಿ ವೀಸಾದಲ್ಲಿ ಅವರು 180 ದಿನದಲ್ಲಿ 90 ದಿನ ಬಂದಿರಬಹುದು, ಕನಿಷ್ಠ 30,000 ಯೂರೋ ಪ್ರಯಾಣ ವಿಮೆ ಬೇಕು. 2024ರ ಮಾರ್ಚ್ 1ರಂದು ಅಥವಾ ಆಮೇಲೆ ಮೊದಲ ಪರವಾನಗಿ ಪಡೆದ ಬ್ಲೂ ಕಾರ್ಡ್‌ನವರು ತಂದೆತಾಯಿಯರನ್ನು ಇರಿಸಿಕೊಳ್ಳಲು ಕಾನೂನಿನಲ್ಲಿ ದಾರಿ ಇದೆ. ಆದರೆ ಬಿಪಿ, ಶುಗರ್ ಇರುವ ವಯಸ್ಸಾದವರಿಗೆ ಅಲ್ಲಿಯ ಆರೋಗ್ಯ ವಿಮೆ ಸಿಗುವುದೇ ದುಸ್ತರ, ವಿಮೆಯಿಲ್ಲದೆ ಪರವಾನಗಿಯಿಲ್ಲ. ಆದ್ದರಿಂದ ಅವರು ಶಿವಮೊಗ್ಗದಲ್ಲೇ ಇರುತ್ತಾರೆ ಎಂದುಕೊಂಡೇ ಏರ್ಪಾಡು ಮಾಡಿ. ಅವರ ಖರ್ಚಿನ ಹಣ ಅವರದೇ ಖಾತೆಗೆ ಹೋಗಲಿ. ರಾತ್ರಿ ಹೊತ್ತು ಆಸ್ಪತ್ರೆಗೆ ಕರೆದೊಯ್ಯುವವರು ಇಂಥವರೇ ಎಂದು ಗೊತ್ತಾಗಿರಲಿ, ಆ ಇಬ್ಬರ ನಂಬರು ಫೋನಿನ ಪಕ್ಕದ ಗೋಡೆಯ ಮೇಲಿರಲಿ. ಮನೆಯ ಖಾತಾ, ಕಂದಾಯ, ಬ್ಯಾಂಕಿನ ಕೆಲಸಕ್ಕೆ ಯಾರಿಗಾದರೂ ಪವರ್ ಆಫ್ ಅಟಾರ್ನಿ ಕೊಡುವುದಾದರೆ ಇಂಥಿಂಥ ಕೆಲಸಕ್ಕೆ ಮಾತ್ರ ಎಂದು ಬರೆಸಿ, ಹೊರಡುವ ಮೊದಲೇ ನೋಂದಾಯಿಸಿ. ಆಮೇಲೆ ಮಾಡಿಸಬೇಕಾದರೆ ಮ್ಯೂನಿಕ್‌ನ ಭಾರತೀಯ ಕಾನ್ಸುಲೇಟ್‌ ತನಕ ಹೋಗಬೇಕಾಗುತ್ತದೆ.

ನಿಮ್ಮ ಪತ್ರದಲ್ಲಿ ಅತ್ತೆಯವರ ಕಾಯಿಲೆ ಇದೆ, ಅವರ ಮಾತು ಒಂದೂ ಇಲ್ಲ. ಅದೇ ಮನೆಯಲ್ಲಿ ಒಬ್ಬರೇ ಇರುತ್ತಾರೋ, ಮಗಳ ಮನೆಗೋ ತಂಗಿಯ ಮನೆಗೋ ಹೋಗುತ್ತಾರೋ, ಹಿಂದಿನ ಕೋಣೆಯನ್ನು ಓದುವ ಹುಡುಗಿಯರಿಗೆ ಬಾಡಿಗೆಗೆ ಕೊಟ್ಟು ಜೊತೆ ಮಾಡಿಕೊಳ್ಳುತ್ತಾರೋ ಎಂದು ಅವರನ್ನೇ ಕೂರಿಸಿಕೊಂಡು ಕೇಳಿ. ಟಿಕೆಟ್ ತೆಗೆಸುವ ಮೊದಲು ಕೇಳಿ.