ಪೈಟೆಸ್ಟ್‌ನಲ್ಲಿ (ಪೈಥಾನ್ ಕೋಡನ್ನು ಟೆಸ್ಟ್ ಮಾಡುವ ಟೂಲ್) ಒಂದೇ ಸೆಟಪ್ ಕೋಡನ್ನು ಎಲ್ಲಾ ಫೈಲಿಗೂ ಕಾಪಿ ಮಾಡದೆ ಇರುವುದು ಹೇಗೆ?

ನಿಮ್ಮ ಬಸ್ ಟಿಕೆಟ್ ಆ್ಯಪ್‌ನ ಪ್ರತಿ ಟೆಸ್ಟ್ ಫೈಲಿನಲ್ಲೂ ಅದೇ ಲಾಗಿನ್, ಅದೇ ಡೇಟಾಬೇಸ್ ಕೋಡು ಇದೆ ಅಂದಿರಿ. ಅದನ್ನು ಫಿಕ್ಸ್ಚರ್ (ಟೆಸ್ಟಿಗೆ ಬೇಕಾದ್ದನ್ನು ಸಿದ್ಧ ಮಾಡಿಕೊಡುವ ಫಂಕ್ಷನ್) ಮಾಡಿ, ಟೆಸ್ಟ್ ಫೋಲ್ಡರಿನಲ್ಲಿ 'ಕಾನ್ಫ್‌ಟೆಸ್ಟ್ ಡಾಟ್ ಪೈ' (conftest.py) ಅನ್ನೋ ಫೈಲಿಗೆ ಹಾಕಿ. ಇಂಪೋರ್ಟ್ ಬೇಡ. ಆ ಫೋಲ್ಡರಿನ ಮತ್ತು ಅದರೊಳಗಿನ ಫೋಲ್ಡರುಗಳ ಯಾವ ಟೆಸ್ಟಾದರೂ ಫಿಕ್ಸ್ಚರಿನ ಹೆಸರನ್ನು ಆರ್ಗ್ಯುಮೆಂಟ್ ಆಗಿ ಬರೆದರೆ ಸಾಕು, ಪೈಟೆಸ್ಟ್ ತಾನೇ ಹುಡುಕಿ ಕೊಡುತ್ತದೆ.

ಜಾಸ್ತಿ ಜನ ಎಡವೋದು ಫಿಕ್ಸ್ಚರ್ ಎಷ್ಟು ಸಲ ಓಡಬೇಕು ಅಂತ ಹೇಳುವ ಸ್ಕೋಪ್‌ನಲ್ಲಿ. ಏನೂ ಹೇಳದಿದ್ದರೆ ಪ್ರತಿ ಟೆಸ್ಟಿಗೂ ಫಿಕ್ಸ್ಚರ್ ಹೊಸದಾಗಿ ಓಡುತ್ತದೆ. ಡೇಟಾಬೇಸ್ ಕನೆಕ್ಷನ್ನಿನಂಥ ನಿಧಾನದ ಕೆಲಸಕ್ಕೆ ಸೆಷನ್ ಸ್ಕೋಪ್ ಕೊಡಿ, ಇಡೀ ರನ್ನಿಗೆ ಒಂದೇ ಸಲ ಆಗುತ್ತದೆ. ಆದರೆ ಟೆಸ್ಟುಗಳು ಬದಲಾಯಿಸುವ ಡೇಟಾಗೆ ಅದು ಬೇಡವೇ ಬೇಡ: ಒಂದು ಟೆಸ್ಟು ಮೆಜೆಸ್ಟಿಕ್–ಜಯನಗರ ಟಿಕೆಟ್ ಕ್ಯಾನ್ಸಲ್ ಮಾಡಿದರೆ, ಅದೇ ಟಿಕೆಟ್ ನಂಬಿಕೊಂಡಿದ್ದ ಮುಂದಿನ ಟೆಸ್ಟು ಫೇಲ್ ಆಗುತ್ತದೆ, ಅದನ್ನೊಂದನ್ನೇ ಓಡಿಸಿದರೆ ಪಾಸಾಗುತ್ತದೆ, ಆಮೇಲೆ ನೀವು ತಲೆ ಕೆರೆದುಕೊಳ್ಳುತ್ತಾ ಕೂರಬೇಕು. ಕ್ಲೀನಪ್ ಕೋಡನ್ನು ಫಿಕ್ಸ್ಚರಿನಲ್ಲೇ ಯೀಲ್ಡ್ (ಸಿದ್ಧವಾದದ್ದನ್ನು ಟೆಸ್ಟಿಗೆ ಕೊಡುವ ಸಾಲು) ಆದಮೇಲೆ ಬರೆಯಿರಿ, ಟೆಸ್ಟು ಫೇಲ್ ಆದರೂ ಅದು ಓಡುತ್ತದೆ.

ಲೆಕ್ಕ ಒಂದೇ, ಸಂಖ್ಯೆ ಮಾತ್ರ ಬೇರೆ (ದೊಡ್ಡವರ ದರ, ಮಕ್ಕಳ ದರ, ಪಾಸ್) ಅಂದರೆ ಪ್ಯಾರಾಮೆಟ್ರೈಸ್ ಬಳಸಿ, ಅಂದರೆ ಸಂಖ್ಯೆಗಳ ಪಟ್ಟಿ ಕೊಟ್ಟು ಒಂದೇ ಟೆಸ್ಟನ್ನು ಓಡಿಸಿ. ಪಟ್ಟಿಯ ಪ್ರತಿ ಸಾಲೂ ಬೇರೆ ಟೆಸ್ಟು, ಒಂದು ಫೇಲಾದರೆ ಉಳಿದವು ನಿಲ್ಲುವುದಿಲ್ಲ.

ದೊಡ್ಡ ಬೇಸ್ ಕ್ಲಾಸ್ ಮಾಡಿ ಎಲ್ಲವನ್ನೂ ಅದಕ್ಕೆ ತುರುಕೋದು ನನಗಂತೂ ಇಷ್ಟವಿಲ್ಲ. ಸುಮ್ನೆ ಚಿಕ್ಕ ಚಿಕ್ಕ ಫಿಕ್ಸ್ಚರ್ ಬರೆಯಿರಿ, ಒಂದು ಫಿಕ್ಸ್ಚರ್ ಇನ್ನೊಂದನ್ನು ಕೇಳಬಹುದು ಅಲ್ವಾ.