ಮೇರಿ ಕೆಲ್ಲಿಯ ಗೋರಿಗೆ ಯಾರಾದರೂ ಉಗುಳಿದರೇ?

ಪ್ರಿಯ ಸೋದರಿ,

ಲಂಡನ್ನಿನ ಇಲ್ಫರ್ಡ್‌ನಿಂದ ನೀವು ಬರೆದ ಪತ್ರ ತಲುಪಿತು. ಪತ್ರ ಉದ್ದವಾಗಿದೆ. ಉಳಿದ ಓದುಗರಿಗೂ ವಿಷಯ ಗೊತ್ತಾಗಲಿ ಎಂದು ಅದರ ಸಾರವನ್ನು ಮೊದಲು ಹೇಳಿಬಿಡುತ್ತೇನೆ.

ನೀವು ನಾದಿನಿಯ ಜೊತೆ ಲಂಡನ್ನಿನ ಪೂರ್ವ ಭಾಗವಾದ ಈಸ್ಟ್ ಎಂಡಿನ ಸ್ಪಿಟಲ್‌ಫೀಲ್ಡ್ಸ್ ಕಡೆ ಒಂದು ಸಂಜೆ ಗೈಡ್ ಹಿಂದೆ ಸುತ್ತಾಡಿದ್ದೀರಿ. 1888ರ ನವೆಂಬರ್ 9ರಂದು ಅಲ್ಲಿ ಕೊಲೆಯಾದ ಮೇರಿ ಜೇನ್ ಕೆಲ್ಲಿಯ ಕಥೆ ಕೇಳಿದ್ದೀರಿ. 'ಜಾಕ್ ದ ರಿಪ್ಪರ್' ಎಂಬ ಹೆಸರಿನ ಕೊಲೆಗಾರನಿಗೆ ಬಲಿಯಾದರು ಎನ್ನಲಾಗುವ ಐದು ಹೆಂಗಸರಲ್ಲಿ ಆಕೆ ಕೊನೆಯವಳು. ಅವಳ ಅಂತ್ಯಕ್ರಿಯೆಯ ಬಗ್ಗೆ ಗೈಡ್ ಮೂರು ಮಾತು ಹೇಳಿದರಂತೆ. ಎಲ್ಲರೂ ಹೋದಮೇಲೆ ಅವಳ ಜೊತೆ ಬಾಳುತ್ತಿದ್ದ ಗಂಡಸು ವಾಪಸ್ ಬಂದು ಗೋರಿಗೆ ಉಗುಳಿದ. ಕೊಲೆಗಾರನೇ ಮೆರವಣಿಗೆಯಲ್ಲಿ ನಡೆದು ಬಂದಿದ್ದ. ಇಡೀ ಲಂಡನ್ ಆ ದಿನ ಅತ್ತಿತು. 'ಬೆಂಕಿ ಇಲ್ಲದೆ ಹೊಗೆಯಾಡುತ್ತದಾ?' ಎಂದು ನಾದಿನಿ ಕೇಳಿದ್ದಾರೆ. ನಿಮಗೆ ಮಾತ್ರ ಆ ಉಗುಳಿದ ಕಥೆ ಮನಸ್ಸಿಗೆ ಚುಚ್ಚಿದೆ. ಇದು ನಿಜವಾ, ಗೋರಿ ಈಗಲೂ ಇದೆಯಾ, ಹೂವು ಇಟ್ಟು ಬರಬಹುದಾ ಎಂದು ಕೇಳಿದ್ದೀರಿ.

ಅಂದು ಏನಾಯಿತು ಎಂಬುದು ನಮಗೆ ಸಾಕಷ್ಟು ಚೆನ್ನಾಗಿ ಗೊತ್ತಿದೆ. ಅಲ್ಲಿಂದಲೇ ಶುರು ಮಾಡೋಣ.

ಅಂತ್ಯಕ್ರಿಯೆ ನಡೆದದ್ದು ನವೆಂಬರ್ 19, ಸೋಮವಾರ. ಕೊಲೆಯಾಗಿ ಹತ್ತು ದಿನವಾಗಿತ್ತು. ಶವ ಶೋರ್‌ಡಿಚ್‌ನ ಸೇಂಟ್ ಲಿಯೊನಾರ್ಡ್ ಚರ್ಚಿಗೆ ಸೇರಿದ ಶವಾಗಾರದಲ್ಲಿತ್ತು. ಮಧ್ಯಾಹ್ನ 12 ಗಂಟೆಗೆ ಚರ್ಚಿನ ಗಂಟೆ ಹೊಡೆಯಲು ಶುರುವಾಯಿತು. ಬೆಳಗ್ಗೆಯಿಂದಲೇ ಗೇಟಿನ ಮುಂದೆ ಜನ ಸೇರಿದ್ದರು, ಅವರಲ್ಲಿ ಹೆಂಗಸರೇ ಜಾಸ್ತಿ. ಪೆಟ್ಟಿಗೆ ಹೊರಗೆ ಬಂದಾಗ ಗಂಡಸರು ಟೋಪಿ ತೆಗೆದು ನಿಂತರು. ಹೆಂಗಸರು ಅಳುತ್ತಾ 'ದೇವರು ಅವಳನ್ನು ಕ್ಷಮಿಸಲಿ' ಎಂದು ಕೂಗಿದರು. ಪೆಟ್ಟಿಗೆಯನ್ನು ಒಂದು ಸಲ ಮುಟ್ಟಬೇಕು ಎಂದು ನೂಕುನುಗ್ಗಲಾಯಿತು. ಎರಡು ಕುದುರೆಯ ತೆರೆದ ಗಾಡಿ. ಪೆಟ್ಟಿಗೆಯ ಮೇಲೆ ಕೃತಕ ಹೂಗಳ ಎರಡು ಕಿರೀಟ, ಹೂವಿನದೇ ಒಂದು ಶಿಲುಬೆ. ಅವಳು ಹೋಗುತ್ತಿದ್ದ ಪಬ್‌ಗಳ ಗೆಳೆಯರ ಹೆಸರಿನ ಚೀಟಿಗಳು ಹೂಗಳ ಜೊತೆ ಇದ್ದವು. ಪೆಟ್ಟಿಗೆಗೆ ಬಡಿದ ತಗಡಿನ ಮೇಲೆ 'ಮೇರಿ ಜಾನೆಟ್ ಕೆಲ್ಲಿ, ಮರಣ 9 ನವೆಂಬರ್ 1888, ವಯಸ್ಸು 25' ಎಂದು ಬರೆದಿತ್ತು.

ಗಾಡಿ ಹೋದದ್ದು ಲೇಟನ್‌ಸ್ಟೋನ್‌ನ ಸೇಂಟ್ ಪ್ಯಾಟ್ರಿಕ್ ಕ್ಯಾಥೊಲಿಕ್ ಸ್ಮಶಾನಕ್ಕೆ. ಹಿಂದೆ ಶೋಕದ ಸಾರೋಟುಗಳು ಎರಡೇ ಎರಡು. ಒಂದರಲ್ಲಿ ಮೂವರು, ಇನ್ನೊಂದರಲ್ಲಿ ಐವರು ಎಂದು ಒಂದು ವರದಿ ಲೆಕ್ಕ ಕೊಡುತ್ತದೆ. ಅವಳ ಜೊತೆ ಬಾಳಿದ್ದ ಜೋಸೆಫ್ ಬಾರ್ನೆಟ್, ಮನೆ ಮಾಲೀಕ ಮೆಕಾರ್ಥಿಯ ಕಡೆಯವರೊಬ್ಬರು, ಉಳಿದವರು ಸಾವಿನ ವಿಚಾರಣೆಯಲ್ಲಿ ಸಾಕ್ಷಿ ಹೇಳಿದ್ದ ಹೆಂಗಸರು. ಎಂಟರಲ್ಲಿ ಇಬ್ಬರನ್ನು ಕಳೆದರೆ ಆರು. ಈಗ ನವೆಂಬರ್ 12ರ ವಿಚಾರಣೆಯ ದಾಖಲೆ ತೆಗೆದು ನೋಡಿ. ಸಾಕ್ಷಿ ಹೇಳಿದ ಹೆಂಗಸರು ಸರಿಯಾಗಿ ಆರು ಮಂದಿ. ಎರಡು ಬೇರೆ ಬೇರೆ ಕಡೆಯ ಲೆಕ್ಕ ಹೀಗೆ ತಾಳೆಯಾದಾಗ ವರದಿಗಾರ ಕಣ್ಣು ಬಿಟ್ಟು ನೋಡಿಯೇ ಬರೆದಿದ್ದಾನೆ ಎಂಬ ಧೈರ್ಯ ಬರುತ್ತದೆ.

ಸ್ಮಶಾನದಲ್ಲಿ ಫಾದರ್ ಕೊಲಂಬನ್ ಶವವನ್ನು ಬರಮಾಡಿಕೊಂಡರು. ಈಶಾನ್ಯ ಮೂಲೆಯಲ್ಲಿ ಗುಂಡಿ ತೋಡಿತ್ತು. ಬಾರ್ನೆಟ್ ಮತ್ತು ಆ ಬಡ ಹೆಂಗಸರು ತಣ್ಣನೆಯ ಮಣ್ಣಿನ ಮೇಲೆ ಮೊಣಕಾಲೂರಿ ಕೂತರು. ಪ್ರಾರ್ಥನೆ ಆಯಿತು, ಧೂಪ ಹಾಕಿದರು, ಪೆಟ್ಟಿಗೆ ಇಳಿಸಿದರು, ತೀರ್ಥ ಚಿಮುಕಿಸಿದರು. ಅಲ್ಲಿಗೆ ಮುಗಿಯಿತು.

ಈಗ ಉಗುಳಿದ ಕಥೆಗೆ ಬರೋಣ.

ಆ ವಾರ ಪತ್ರಿಕೆಗಳು ಈ ಅಂತ್ಯಕ್ರಿಯೆಯ ಬಗ್ಗೆ ಬರೆದ ವಿವರವಾದ ವರದಿಗಳಲ್ಲಿ ಆ ಮಾತೇ ಇಲ್ಲ. ಬಾರ್ನೆಟ್ ಮಂಡಿಯೂರಿದ್ದನ್ನು ಬಿಡದೆ ಬರೆದವರು, ಅವನು ಉಗುಳಿದ್ದು ಗೊತ್ತಾಗಿದ್ದರೆ ಬಿಡುತ್ತಿದ್ದರಾ? ಆ ಕೊಲೆಗಳ ಸುದ್ದಿಯಿಂದ ಪತ್ರಿಕೆಗಳು ಬಿಸಿಬಿಸಿಯಾಗಿ ಮಾರಾಟವಾಗುತ್ತಿದ್ದ ಕಾಲ ಅದು. ಇನ್ನೊಂದು ಮಾತು. ಕಥೆಯ ಒಳಗೇ ಅದರ ತೊಡಕು ಇದೆ. ಎಲ್ಲರೂ ಹೋದಮೇಲೆ ಅವನೊಬ್ಬನೇ ಬಂದ ಎನ್ನುತ್ತದೆ ಕಥೆ. ಎಲ್ಲರೂ ಹೋಗಿದ್ದರೆ ನೋಡಿದವರು ಯಾರು? ಇಂಥ ಕಥೆಗಳಲ್ಲಿ ಯಾವಾಗಲೂ ಹೀಗೇ. ಸಾಕ್ಷಿ ಇರಲು ಸಾಧ್ಯವೇ ಇಲ್ಲದ ಕ್ಷಣವೇ ಅತಿ ಸ್ಪಷ್ಟವಾಗಿ ಕಾಣಿಸುತ್ತದೆ.

ಈ ಕಥೆ ಬಾರ್ನೆಟ್‌ಗೆ ಯಾಕೆ ಅಂಟಿಕೊಂಡಿತು ಎಂಬುದು ಊಹಿಸಲಾಗದ ವಿಷಯವೇನಲ್ಲ. ಅವನು ಬಿಲ್ಲಿಂಗ್ಸ್‌ಗೇಟ್ ಮೀನು ಮಾರುಕಟ್ಟೆಯಲ್ಲಿ ಹಮಾಲಿ. ಕೆಲಸ ಕಳೆದುಕೊಂಡಿದ್ದ. ಅವಳ ಜೊತೆ ಒಂದು ವರ್ಷ ಎಂಟು ತಿಂಗಳು ಬಾಳಿದ್ದಾಗಿ ವಿಚಾರಣೆಯಲ್ಲಿ ಹೇಳಿದ. ಅವಳು ಇನ್ನೊಬ್ಬ ಹೆಂಗಸನ್ನು ಕೋಣೆಯಲ್ಲಿ ಇರಿಸಿಕೊಂಡಳು ಎಂದು ಜಗಳವಾಗಿ ಅಕ್ಟೋಬರ್ 30ರಂದು ಮನೆ ಬಿಟ್ಟ. ಆದರೂ ಅವಳನ್ನು ನೋಡಲು ಬರುತ್ತಿದ್ದ. ಕೊಲೆಯ ಹಿಂದಿನ ಸಂಜೆಯೂ ಬಂದಿದ್ದ. ಕೆಲಸವಿಲ್ಲ, ಕೊಡಲು ಏನೂ ಇಲ್ಲ ಎಂದು ಅವಳಿಗೆ ಹೇಳಿ ಹೋಗಿದ್ದ. ಜಗಳ, ಬಡತನ, ಅಗಲಿಕೆ. ಕಥೆ ಕಟ್ಟುವವರಿಗೆ ಇಷ್ಟು ಸಾಕಲ್ವಾ? ಪೊಲೀಸರು ಅವನನ್ನು ಪ್ರಶ್ನಿಸಿ ಬಿಟ್ಟುಬಿಟ್ಟಿದ್ದರು. ಆದರೆ ಸುಮಾರು ನೂರು ವರ್ಷದ ನಂತರ ಕೆಲವರು ಅವನೇ ಕೊಲೆಗಾರ ಎಂದು ವಾದ ಮಾಡಿದರು. ಒಬ್ಬನನ್ನು ಕೊಲೆಗಾರ ಎಂದು ನಂಬಿದಮೇಲೆ ಅವನು ಗೋರಿಗೆ ಉಗುಳಿದ ಎಂದು ನಂಬುವುದು ಕಷ್ಟವಲ್ಲ.

ನನಗೆ ಈ ಕಥೆಯ ಮೇಲೆ ಸಿಟ್ಟು ಬರುವುದು ಇಲ್ಲೇ. ಮಣ್ಣಿನ ಮೇಲೆ ಮೊಣಕಾಲೂರಿ ಕೂತ ಒಬ್ಬ ಬಡವನ ಬಗ್ಗೆ ನಮ್ಮ ಕೈಯಲ್ಲಿ ಅಂದಿನ ವರದಿ ಇದೆ. ಅದನ್ನು ಸರಿಸಿ ಯಾರೂ ನೋಡದ ಇನ್ನೊಂದು ಚಿತ್ರ ತಂದು ಇಡುತ್ತಾರೆ. ಸತ್ತವಳಿಗೂ ಅನ್ಯಾಯ, ಅವಳಿಗಾಗಿ ಬಂದವನಿಗೂ ಅನ್ಯಾಯ. ಹಾಗಾಗಿ ನನ್ನ ಉತ್ತರ ಇಷ್ಟು: ಈ ಕಥೆಯನ್ನು ನಂಬಲು ಯಾವ ಕಾರಣವೂ ಇಲ್ಲ.

ಹಾಗಂತ ಅಂದಿನ ಪತ್ರಿಕೆಯಲ್ಲಿ ಬಂದದ್ದೆಲ್ಲ ನಿಜ ಎಂದು ತಿಳಿಯಬೇಡಿ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎನ್ನುವುದು ಇಲ್ಲೂ ಬೇಕು. ಕೊಲೆಯಾದ ಮೊದಲ ದಿನಗಳಲ್ಲಿ, ಮೇರಿಗೆ ಆರೇಳು ವರ್ಷದ ಮಗನಿದ್ದ, ಅವಳ ಜೊತೆಗೇ ಇದ್ದ ಎಂದು ಕೆಲವು ಪತ್ರಿಕೆಗಳು ಬರೆದವು. ವಿಚಾರಣೆಯಲ್ಲಿ ಬಾರ್ನೆಟ್ ಅಂಥ ಮಗುವಿನ ಬಗ್ಗೆ ಒಂದು ಮಾತೂ ಹೇಳಲಿಲ್ಲ. ಒಂದೇ ಕೋಣೆಯಲ್ಲಿ ಅವಳ ಜೊತೆ ಬಾಳಿದವನು ಅವನು. ತಗಡಿನ ಮೇಲಿನ ಹೆಸರು, ಪಾದ್ರಿಯ ಹೆಸರು, ಸಾರೋಟುಗಳ ಸಂಖ್ಯೆ ಇಂಥವನ್ನು ವರದಿಗಾರ ಕಣ್ಣಾರೆ ಕಂಡಿರುತ್ತಾನೆ. ತಪ್ಪಿದ್ದರೆ ಮರುದಿನವೇ ಯಾರಾದರೂ ಹೇಳುತ್ತಿದ್ದರು. ಅಕ್ಕಪಕ್ಕದವರ ಬಾಯಿಂದ ಬಂದ ಮಾತಿಗೆ ಆ ತೂಕ ಇಲ್ಲ.

ಬಾರ್ನೆಟ್ ಹೇಳಿದ್ದನ್ನೂ ಹೀಗೇ ತೂಗಬೇಕು. ಅವಳು ಲಿಮರಿಕ್‌ನಲ್ಲಿ ಹುಟ್ಟಿದಳು, ವೇಲ್ಸ್‌ನಲ್ಲಿ ಬೆಳೆದಳು, ಕಲ್ಲಿದ್ದಲು ಗಣಿಯಲ್ಲಿ ಕೆಲಸ ಮಾಡುತ್ತಿದ್ದ ಗಂಡ ಸ್ಫೋಟದಲ್ಲಿ ಸತ್ತ, ಆಮೇಲೆ ಕಾರ್ಡಿಫ್, ಲಂಡನ್, ಸ್ವಲ್ಪ ದಿನ ಫ್ರಾನ್ಸ್. ಇದೆಲ್ಲ ಅವಳೇ ಅವನಿಗೆ ಹೇಳಿದ್ದು. ಅವನು ಪ್ರಾಮಾಣಿಕವಾಗಿಯೇ ಹೇಳಿರಬಹುದು. ಆದರೆ ಸಂಶೋಧಕರು ವರ್ಷಗಟ್ಟಲೆ ಹುಡುಕಿದರೂ ಇದಕ್ಕೆ ಹೊಂದುವ ಖಚಿತ ದಾಖಲೆ ಸಿಕ್ಕಿಲ್ಲ. ತಗಡಿನ ಮೇಲಿದ್ದ ಹೆಸರು ಕೂಡ ಬಾರ್ನೆಟ್ ಹೇಳಿದ ಹೆಸರೇ.

ಕೊಲೆಗಾರ ಮೆರವಣಿಗೆಯಲ್ಲಿದ್ದ ಎನ್ನುವ ಮಾತನ್ನು ಬೇಗ ಮುಗಿಸಬಹುದು. ಕೊಲೆಗಾರ ಯಾರು ಎಂದೇ ಗೊತ್ತಾಗಲಿಲ್ಲ. ಯಾರೆಂದು ಗೊತ್ತಿಲ್ಲದವನು ಎಲ್ಲಿ ನಿಂತಿದ್ದ ಎಂದು ಹೇಳುವವರ ಮಾತಿಗೆ ಬೆಲೆ ಕೊಡಬೇಕಾಗಿಲ್ಲ. ಇಡೀ ಲಂಡನ್ ಅತ್ತಿತು ಎಂಬುದು ಉತ್ಪ್ರೇಕ್ಷೆ. ಅತ್ತದ್ದು ಈಸ್ಟ್ ಎಂಡಿನ ಬಡ ಜನ, ಸಾವಿರಗಟ್ಟಲೆ. ನನ್ನ ಲೆಕ್ಕದಲ್ಲಿ ಅದೇ ದೊಡ್ಡದು. ಆ ಐವರಲ್ಲಿ ಉಳಿದವರ ಅಂತ್ಯಕ್ರಿಯೆ ನೆನೆಸಿಕೊಳ್ಳಿ. ಆ್ಯನಿ ಚಾಪ್‌ಮನ್‌ಳನ್ನು ಜನ ಸೇರಬಾರದೆಂದು ಮನೆಯವರು ಗುಟ್ಟಾಗಿ ಮಣ್ಣು ಮಾಡಿದರು. ಎಲಿಜಬೆತ್ ಸ್ಟ್ರೈಡ್‌ಳದು ಸರ್ಕಾರಿ ಬಡವರ ನಿಧಿಯ ಖರ್ಚಿನಲ್ಲಿ ಆಯಿತು. ಕ್ಯಾಥರೀನ್ ಎಡೋಸ್‌ಗೂ ಭಾರಿ ಜನ ಸೇರಿದ್ದರು.

ಮೇರಿಯ ಕಡೆಯ ಬಂಧುಗಳು ಯಾರೂ ಬರಲಿಲ್ಲ. ಹಾಗಾದರೆ ಹಣ ಕೊಟ್ಟವರು ಯಾರು? ನಿಮ್ಮ ಗೈಡ್ ಇದನ್ನು ಹೇಳಿದ ಹಾಗೆ ಪತ್ರದಲ್ಲಿ ಕಾಣಲಿಲ್ಲ. ಕೊಟ್ಟದ್ದು ಹೆನ್ರಿ ವಿಲ್ಟನ್. ಸೇಂಟ್ ಲಿಯೊನಾರ್ಡ್ ಚರ್ಚಿನಲ್ಲಿ ಶವಸಂಸ್ಕಾರದಂಥ ಕೆಲಸಗಳನ್ನು ಐವತ್ತು ವರ್ಷಕ್ಕೂ ಜಾಸ್ತಿ ಕಾಲ ನೋಡಿಕೊಂಡು ಬಂದಿದ್ದ ಮನುಷ್ಯ. ಮೇರಿ ಅವರಿಗೆ ಏನೂ ಆಗಬೇಕಿರಲಿಲ್ಲ. ಅವಳು ಅವರ ಚರ್ಚಿನವಳೂ ಅಲ್ಲ, ಕ್ಯಾಥೊಲಿಕ್. ಕೊಲೆಯಾದ ಜಾಗ ಕೂಡ ಶೋರ್‌ಡಿಚ್‌ಗೆ ಸೇರಿದ್ದಲ್ಲ. ಶವವನ್ನು ಅಲ್ಲಿಯ ಶವಾಗಾರಕ್ಕೆ ತಂದಿದ್ದರು, ಅಷ್ಟೇ. ಕೊಲೆ ವೈಟ್‌ಚಾಪೆಲ್‌ನಲ್ಲಿ (ಸ್ಪಿಟಲ್‌ಫೀಲ್ಡ್ಸ್ ಸೇರಿದ್ದ ಭಾಗ) ಆಗಿದೆ, ವಿಚಾರಣೆಯ ಹೊರೆ ನಮಗೇಕೆ ಎಂದು ಜ್ಯೂರಿಯಲ್ಲೇ ಒಬ್ಬರು ಗೊಣಗಿದ್ದರು. ಸಾವಿನ ವಿಚಾರಣೆ ನಡೆಸುವ ಅಧಿಕಾರಿ, ಕರೋನರ್ ಮ್ಯಾಕ್‌ಡೊನಾಲ್ಡ್, ಅವರನ್ನು ಗದರಿಸಿ ಸುಮ್ಮನಾಗಿಸಬೇಕಾಯಿತು. ಅದೇ ಶೋರ್‌ಡಿಚ್‌ನ ಒಬ್ಬ ಮುದುಕ, ಸುತ್ತಲಿನ ಬಡವರ ಮೇಲಿನ ಮರುಕದಿಂದ, ನಯವಾದ ಮರದ ಪೆಟ್ಟಿಗೆ, ಗಾಡಿ, ಸಾರೋಟು ಎಲ್ಲದರ ಖರ್ಚು ಹೊತ್ತರು. ಬಾಡಿಗೆ 29 ಶಿಲ್ಲಿಂಗ್ ಬಾಕಿ ಉಳಿಸಿ ಸತ್ತ ಹೆಣ್ಣಿಗೆ ಇಷ್ಟು ಗೌರವ ಸಿಕ್ಕಿತು. ಖರ್ಚಿನಲ್ಲಿ ಪಾಲು ಕೊಡಬೇಕೆನ್ನುವವರು ಕೊಡಬಹುದು, ಹೆಚ್ಚು ಬಂದರೆ ಕಲ್ಲು ನಿಲ್ಲಿಸೋಣ ಎಂಬ ಪ್ರಕಟಣೆಯೂ ಬಂದಿತ್ತು.

ಬೆಂಕಿ ಮತ್ತು ಹೊಗೆಯ ಪ್ರಶ್ನೆ ಕೇಳಿದ ನಾದಿನಿಗೆ ಈ ವಿಲ್ಟನ್ ಕಥೆ ಹೇಳಿ. ಕೇಳಲು ಉಗುಳಿದ ಕಥೆಯಷ್ಟೇ ನಾಟಕೀಯವಾಗಿದೆ, ಮೇಲಾಗಿ ನಡೆದದ್ದು.

ಇನ್ನು ಹೂವಿನ ವಿಷಯ. ಖಂಡಿತ ಹೋಗಿ ಬನ್ನಿ. ಸೆಂಟ್ರಲ್ ಲೈನ್ ಟ್ರೇನಿನಲ್ಲಿ ಲೇಟನ್ ಸ್ಟೇಷನ್ನಿನಲ್ಲಿ ಇಳಿದರೆ ಸೇಂಟ್ ಪ್ಯಾಟ್ರಿಕ್ ಸ್ಮಶಾನ ದೂರವಿಲ್ಲ. ಅಲ್ಲಿ ಅವಳ ಹೆಸರಿನ ಗುರುತು ಇದೆ. ಅದು 1888ರದಲ್ಲ, 20ನೇ ಶತಮಾನದ ಕೊನೆಯ ಭಾಗದಲ್ಲಿ ಅಭಿಮಾನದಿಂದ ಇಟ್ಟದ್ದು. ಬಡವರ ಗೋರಿಗಳಿದ್ದ ಜಾಗವನ್ನು ನಂತರ ಮತ್ತೆ ಬಳಸಿದ್ದರಿಂದ, ಅವಳು ಸರಿಯಾಗಿ ಆ ಕಲ್ಲಿನ ಕೆಳಗೇ ಇದ್ದಾಳೆ ಎನ್ನಲಾಗದು. ಆದರೂ ಆ ಸ್ಮಶಾನ ಅದೇ. ಹೂವನ್ನು ಗುರುತಿನ ಹತ್ತಿರ ಇಡಿ. ವಾಪಸ್ ಬರುವಾಗ ಸಮಯವಿದ್ದರೆ ಶೋರ್‌ಡಿಚ್‌ನ ಸೇಂಟ್ ಲಿಯೊನಾರ್ಡ್ ಚರ್ಚನ್ನೂ ನೋಡಿ. ಮುಂದಿನ ಸಲ ಆ ಗೈಡ್ ಸಿಕ್ಕರೆ ವಿಲ್ಟನ್ ಬಗ್ಗೆ ಕೇಳಿ. ಅವರಿಗೆ ಗೊತ್ತಿಲ್ಲದಿದ್ದರೆ ನೀವೇ ಹೇಳಿಕೊಡಿ.

ನಿಮ್ಮ,
ಸಂಪಾದಕ